ಐದನೇ ಪುಟದ ಮೂರು ಸಾಲು

ಬೇಲೂರಿನ ಮಿತ್ರರಿಗೆ ನಮಸ್ಕಾರ.

ರಾಜ್ಯೋತ್ಸವದ ವಿಶೇಷ ಪುಟಕ್ಕೆಂದು ನೀವು ಹಾಸನಕ್ಕೆ ಕಳಿಸಿದ ‘ನಮ್ಮ ಹೆಮ್ಮೆಯ ಧ್ವಜ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ಮನೆ ವಾಪಸ್ ಕಳಿಸಿಬಿಡಬಹುದಿತ್ತು. ಐದನೇ ಪುಟದ ಮೂರು ಸಾಲು ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಪ್ಪುಗಳು. ‘ಹೊಯ್ಸಳರ ಕಾಲದಿಂದ ಹಾರುತ್ತಿರುವ ಬಾವುಟ’ ಅಂದಿದ್ದೀರಿ. ಅಲ್ಲ ಸ್ವಾಮಿ. ಹಳದಿ-ಕೆಂಪು ಬಾವುಟ ಮ. ರಾಮಮೂರ್ತಿಯವರು 1960ರ ದಶಕದಲ್ಲಿ, ಕನ್ನಡ ಚಳವಳಿ ಕಟ್ಟುತ್ತಿದ್ದ ದಿನಗಳಲ್ಲಿ, ರೂಪಿಸಿದ್ದು. ಅವರ ಕನ್ನಡ ಪಕ್ಷದ ಬಾವುಟ ಅದು. ಪಕ್ಷದ ಹೆಸರು ಇವತ್ತು ಎಷ್ಟು ಜನರಿಗೆ ಗೊತ್ತು? ಬಾವುಟ ಮಾತ್ರ ಆಟೋ ಸ್ಟ್ಯಾಂಡಿನವರೆಗೂ ಬಂತು. ಇಂಥ ಕಥೆಯನ್ನು ಕೈಬಿಟ್ಟು ಎಂಟು ಶತಮಾನ ಹಿಂದಕ್ಕೆ ಓಡಿದ್ದೀರಿ. ಹೊಯ್ಸಳರ ಲಾಂಛನ ಮೃಗವನ್ನು ಇರಿಯುತ್ತಿರುವ ಸಳ. ಚೆನ್ನಕೇಶವನ ಬಾಗಿಲ ಪಕ್ಕದಲ್ಲೇ ನಿಂತಿದ್ದಾನಲ್ಲ!

‘ಸರ್ಕಾರದ ಅಧಿಕೃತ ಧ್ವಜ’ ಎಂಬುದೂ ಸರಿಯಲ್ಲ. 2017ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೊಸ ವಿನ್ಯಾಸ ತೋರಿಸಿದರು: ಹಳದಿ, ಬಿಳಿ, ಕೆಂಪು, ನಡುವೆ ಗಂಡಭೇರುಂಡ ಇರುವ ರಾಜ್ಯ ಲಾಂಛನ. ಅದಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿಲ್ಲ. ನವೆಂಬರ್ 1ಕ್ಕೆ ಬೀದಿಬೀದಿಯಲ್ಲಿ ಹಾರುವುದು ಬಿಳಿ ಪಟ್ಟಿ ಇಲ್ಲದ ಹಳೆಯದೇ. ನನ್ನನ್ನು ಕೇಳಿದರೆ, ಯಾವ ಆದೇಶವೂ ಇಲ್ಲದೆ ಜನರೇ ತಮ್ಮದು ಮಾಡಿಕೊಂಡ ಬಾವುಟ ಅನ್ನುವುದೇ ಹೆಚ್ಚು ಸ್ವಾರಸ್ಯದ ಮಾತು. ‘ಅಧಿಕೃತ’ ಅಂತ ಬರೆದು ಅದನ್ನೂ ಕೊಂದುಬಿಟ್ಟಿರಿ.

ಗಂಡಭೇರುಂಡಕ್ಕೆ ಒಂದೇ ವಾಕ್ಯ: ‘ಮೈಸೂರು ಅರಸರ ಕಾಲ್ಪನಿಕ ಪಕ್ಷಿ’. ಬೇಲೂರಿನವರು ಹೀಗೆ ಬರೆಯಬಹುದೇ? ನಿಮ್ಮ ದೇವಸ್ಥಾನದ ಒಂದು ಕೆತ್ತನೆಯಲ್ಲಿ ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ, ಶರಭನನ್ನು ಗಂಡಭೇರುಂಡ. ಮೈಸೂರಿನ ಒಡೆಯರಿಗಿಂತ ಎಷ್ಟೋ ಮೊದಲಿನ ಶಿಲ್ಪ. ಒಂದು ಬೆಳಿಗ್ಗೆ ಅದರ ಮುಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

‘ಹಳದಿ ಶಾಂತಿ, ಕೆಂಪು ಕ್ರಾಂತಿ’ ಪ್ರಾಸಕ್ಕೆ ಚೆನ್ನಾಗಿದೆ, ಭಾಷಣಕ್ಕೆ ಇಟ್ಟುಕೊಳ್ಳಿ. ಅರಿಶಿನ-ಕುಂಕುಮ ಅಂದರೆ ಓದುಗರಿಗೆ ಬೇರೆ ವಿವರಣೆ ಬೇಡ.

ಈಗ ಆ ಮೂರು ಸಾಲು. ನಿಮ್ಮ ತಂದೆಯವರು ಟೈಲರ್, ಅಕ್ಟೋಬರ್ ಕೊನೆಯ ವಾರ ರಾತ್ರಿಯೆಲ್ಲ ಬಾವುಟ ಹೊಲಿಯುತ್ತಾರೆ. ಒಂದು ವರ್ಷ ಮಳೆಯಲ್ಲಿ ನೆಂದ ಬಾವುಟಗಳನ್ನು ಹಾಗೇ ಮಡಚಿಟ್ಟು, ಬೆಳಿಗ್ಗೆ ಬಿಚ್ಚಿದರೆ ಅರಿಶಿನದ ತುಂಬ ಕೆಂಪು ಕಲೆ. ತೆಗೆದುಕೊಳ್ಳಲು ಬಂದವರು ಅರ್ಧ ದುಡ್ಡು ಕೊಟ್ಟು ಹೋದರು. ಇದನ್ನು ಬರೆದು ಮುಂದಿನ ಸಾಲಿಗೇ ‘ಇರಲಿ, ವಿಷಯಕ್ಕೆ ಬರೋಣ’ ಅಂದಿದ್ದೀರಿ! ಅದೇ ರೀ ವಿಷಯ. ಯಾವ ಬಟ್ಟೆ, ಎಷ್ಟು ಮೀಟರ್, ಎರಡು ಪಟ್ಟಿಯ ಜೋಡುಹೊಲಿಗೆಗೆ ಯಾವ ಬಣ್ಣದ ದಾರ ಹಾಕುತ್ತಾರೆ, ಉಳಿದ ತುಂಡುಗಳು ಏನಾಗುತ್ತವೆ? ತಂದೆಯವರ ಪಕ್ಕ ಕೂತು ಕೇಳಿ. ರಾಮಮೂರ್ತಿಯವರೂ ಗಂಡಭೇರುಂಡವೂ ಆ ಹೊಲಿಗೆ ಯಂತ್ರದ ಸದ್ದಿನ ನಡುವೆ ಬಂದುಹೋಗಲಿ.

ಹಳದಿ ಮೇಲೆ, ಕೆಂಪು ಕೆಳಗೆ ಎಂಬುದನ್ನು ಎರಡು ಸಲ ನೋಡಿಕೊಳ್ಳಿ. ಒಂದು ವರ್ಷ ನಮ್ಮ ಮುಖಪುಟದಲ್ಲೇ ತಲೆಕೆಳಗಾಗಿ ಅಚ್ಚಾಗಿ, ಬೆಳಿಗ್ಗೆ ಆರರಿಂದ ಫೋನಿನಲ್ಲಿ ಬೈಸಿಕೊಂಡಿದ್ದೇನೆ.

ಎರಡು ಪುಟ ಸಾಕು. ಅಕ್ಟೋಬರ್ 20ರೊಳಗೆ ಬರಲಿ, ಯೂನಿಕೋಡಿನಲ್ಲಿ ಟೈಪ್ ಮಾಡಿ. ಅಂಗಡಿಯ ಫೋಟೊ ಒಂದು ಇರಲಿ. ಆ ಕಲೆ ಬಿದ್ದ ಬಾವುಟ ಮನೆಯಲ್ಲಿ ಇನ್ನೂ ಇದ್ದರೆ, ಅದರದ್ದೇ ಕಳಿಸಿ.