ಕಲಿಸಿದ ಹುಡುಗ ಬೆಂಗಳೂರಿಗೆ ಹೊರಟಿದ್ದಾನೆ

ಪ್ರಶ್ನೆ: ಮೇಡಂ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಪುಟ್ಟ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ಇದೆ. ನನ್ನನ್ನೂ ಸೇರಿಸಿ ಆರು ಜನ. ಹೊಸನಗರ ಕಡೆಯ ನಮ್ಮೂರಿನ ಹುಡುಗನೊಬ್ಬನಿಗೆ ಪಕ್ಕದಲ್ಲೇ ಕೂರಿಸಿಕೊಂಡು ಗೂಗಲ್ ಜಾಹೀರಾತು, ವಿಡಿಯೊ ಎಡಿಟಿಂಗ್ ಎಲ್ಲಾ ಕಲಿಸಿದೆ. ಮನೆ ಮಗನ ಹಾಗೆ ನೋಡಿಕೊಂಡೆ. ಈಗ ಬೆಂಗಳೂರಿನಲ್ಲಿ ಎರಡು ಪಟ್ಟು ಸಂಬಳ ಅಂತ ರಾಜೀನಾಮೆ ಕೊಟ್ಟಿದ್ದಾನೆ. ಹಿಂದೆ ಇಬ್ಬರು ಹೀಗೇ ಹೋದರು. ಅವನ ಹತ್ತಿರ ಮಾತು ಬಿಟ್ಟಿದ್ದೇನೆ. ಉಳಿದವರಿಂದ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅಂತ ಬಾಂಡ್ ಬರೆಸಿಕೊಂಡು ಒರಿಜಿನಲ್ ಅಂಕಪಟ್ಟಿ ಇಟ್ಕೋ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ?
- ಹೆಸರು ಬೇಡ, ಶಿವಮೊಗ್ಗ

ಉತ್ತರ: ಹೊಟ್ಟೆ ಉರಿಯುವುದು ಸಹಜ. ಆದರೆ ಮನೆ ಮಗನೇ ಆಗಿದ್ದರೆ, ಇಂಥ ಕೆಲಸ ಸಿಕ್ಕಿತು ಅಂತ ಬೀದಿಗೆಲ್ಲಾ ಪೇಡ ಹಂಚುತ್ತಿದ್ದಿರಿ ಅಲ್ವಾ? ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೋಟದ ದುಡ್ಡು ನೆಚ್ಚಿಕೊಳ್ಳುವ ಹಾಗಿಲ್ಲ. ಅವನ ಮನೆಯ ಲೆಕ್ಕ ನಿಮಗೇ ಗೊತ್ತಿರುತ್ತದೆ.

ಅಂಕಪಟ್ಟಿ ಇಟ್ಟುಕೊಳ್ಳುವ ಮಾತು ಬಿಟ್ಟುಬಿಡಿ. ಅದು ಅವರವರ ಸ್ವತ್ತು. ಕೆಲಸ ಬಿಟ್ಟ ಮೇಲೆ ಬೇರೆ ಏಜೆನ್ಸಿ ಸೇರಬಾರದು ಅಂತ ಬರೆಸಿಕೊಂಡರೂ ನಡೆಯುವುದಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅಂಥ ಷರತ್ತು ನಿಲ್ಲುವುದಿಲ್ಲ. ತರಬೇತಿಗೆ ನಿಜವಾಗಿ ದುಡ್ಡು ಸುರಿದಿದ್ದರೆ, ಅವಧಿಗೆ ಮುಂಚೆ ಬಿಟ್ಟವರಿಂದ ನ್ಯಾಯವಾದ ಮೊತ್ತ ಕೇಳುವುದನ್ನು ಕೋರ್ಟ್ ಒಪ್ಪಬಹುದು. ಪಕ್ಕದಲ್ಲಿ ಕೂರಿಸಿ ಕಲಿಸಿದ್ದಕ್ಕೆ ಯಾವ ರಸೀದಿ ತೋರಿಸುತ್ತೀರಿ? ಅದಕ್ಕಿಂತ ಹೆಚ್ಚಾಗಿ, ಬಾಂಡ್ ಅಂದ ಕೂಡಲೇ ಕೆಲಸ ಬಲ್ಲವರು ನಿಮ್ಮ ಬಾಗಿಲಿಗೆ ಬರುವುದೇ ಇಲ್ಲ.

ಮಾತು ಬಿಟ್ಟಿದ್ದರಿಂದ ನಷ್ಟ ನಿಮಗೇ. ಗ್ರಾಹಕರ ಫೇಸ್‌ಬುಕ್ ಪೇಜುಗಳ ಅಡ್ಮಿನ್ ಯಾರು, ಇವತ್ತೇ ನೋಡಿ. ಸಣ್ಣ ಏಜೆನ್ಸಿಗಳಲ್ಲಿ ಎಲ್ಲಾ ಹುಡುಗರ ಸ್ವಂತ ಅಕೌಂಟಿನಲ್ಲೇ ನಡೆಯುತ್ತಿರುತ್ತದೆ. ಗೂಗಲ್ ಆ್ಯಡ್ಸ್ ಅವನ ಜಿಮೇಲಿನಲ್ಲಿ, ಓಟಿಪಿ ಅವನ ಮೊಬೈಲಿಗೆ. ಅವನು ಹೋದ ಮಾರನೇ ದಿನ ಬಟ್ಟೆ ಅಂಗಡಿಯವರು ಹಬ್ಬದ ಆಫರ್ ಬದಲಿಸಿ ಅಂದರೆ, ಓಟಿಪಿ ಕೇಳಲು ನೀವು ಬೆಂಗಳೂರಿಗೆ ಫೋನ್ ಹಚ್ಚಬೇಕು. ಅವನು ಮೀಟಿಂಗಿನಲ್ಲಿ ಇರುತ್ತಾನೆ. ಅದಕ್ಕೇ ನೋಟಿಸ್ ಅವಧಿ ಮುಗಿಯುವ ಮೊದಲು ಒಂದು ಮಧ್ಯಾಹ್ನ ಇಬ್ಬರೂ ಕಾಫಿ ಹಿಡಿದು ಕೂತುಕೊಳ್ಳಿ. ಒಂದೊಂದೇ ಅಕೌಂಟಿಗೆ ಏಜೆನ್ಸಿಯ ಇಮೇಲನ್ನು, ಫೇಸ್‌ಬುಕ್ ಪೇಜುಗಳಿಗೆ ನಿಮ್ಮ ಫೇಸ್‌ಬುಕ್ ಅಕೌಂಟನ್ನು ಅಡ್ಮಿನ್ ಮಾಡಿಸಿ, ಅದು ತೆರೆಯುತ್ತದೆ ಅಂತ ಖಾತ್ರಿಯಾದ ಮೇಲೆ ಅವನದು ತೆಗೆಸಿ. ತಾನು ಮಾಡುವ ಕೆಲಸವನ್ನು ಸ್ಕ್ರೀನ್ ರೆಕಾರ್ಡ್ ಮಾಡಿಕೊಡಲೂ ಹೇಳಿ. ಮುಖ ಊದಿಸಿಕೊಂಡಿದ್ದರೆ ಇದೆಲ್ಲಾ ಆಗುವ ಮಾತಾ?

ಸಂಬಳದಲ್ಲಿ ಬೆಂಗಳೂರಿನ ಜೊತೆ ಜಿದ್ದಿಗೆ ಬೀಳಬೇಡಿ. ಹಾಗಂತ ‘ಇಲ್ಲಿ ಬಾಡಿಗೆ ಕಡಿಮೆ, ಮನೆ ಊಟ’ ಅಂತ ವರ್ಷಗಟ್ಟಲೆ ಒಂದೇ ಸಂಬಳ ಕೊಡುವವರೂ ಇದ್ದಾರೆ. ನೀವು ಅವರಲ್ಲ ಅಂದುಕೊಂಡಿದ್ದೇನೆ.

ಇನ್ನು ಹೊಸಬರ ವಿಷಯ. ಆಗಷ್ಟೇ ಕಾಲೇಜು ಮುಗಿಸಿದವರನ್ನೇ ಯಾಕೆ ಹುಡುಕುತ್ತೀರಿ? ನಿಮ್ಮೂರಿನ ಎಂಜಿನಿಯರಿಂಗ್ ಕಾಲೇಜು ಜೆಎನ್‌ಎನ್‌ಸಿಇಯಿಂದ ಹೊರಬಿದ್ದ ಹುಡುಗರಿಗೆ ಬೆಂಗಳೂರು ನೋಡುವ ಆಸೆ ಇದ್ದೇ ಇರುತ್ತದೆ. ನೋಡಿ ಸಾಕಾದವರೂ ಬೇಕಾದಷ್ಟು ಜನ ಇದ್ದಾರೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು, ತೋಟ ನೋಡುವವರಿಲ್ಲ ಅಂತ ವಾಪಸ್ ಬರಲು ದಾರಿ ಹುಡುಕುವ ಮೂವತ್ತೈದರ ಆಸುಪಾಸಿನವರು. ಮದುವೆಯಾಗಿ ಸಾಗರಕ್ಕೋ ಕೊಪ್ಪಕ್ಕೋ ಬಂದು, ಇದ್ದ ಕೆಲಸ ಬಿಟ್ಟು ಸುಮ್ನೆ ಕೂತ ಹೆಣ್ಣುಮಕ್ಕಳು. ಇವರಿಗೆ ಊರಲ್ಲಿ ಉಳಿಯಲು ಕಾರಣ ಇದೆ, ಬೇಕಿರುವುದು ಕೆಲಸ. ಅರ್ಧ ದಿನದ್ದಾದರೂ ಸರಿ, ಮನೆಯಿಂದಲೇ ಆದರೂ ಸರಿ, ಕೊಟ್ಟು ನೋಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುತ್ತವೆ. ಹಾಗಾಗಿ ಅವತ್ತಿನದು ಅವತ್ತೇ ಆಗಬೇಕಾದ ಕೆಲಸ ಅವರಿಗೆ ಬೇಡ. ತೋಟ ಇರುವವರಿಗೆ ಅಡಿಕೆ ಕೊಯ್ಲಿಗೆ ರಜೆ ಬೇಕೇ ಬೇಕು, ಇಲ್ಲ ಅನ್ನಬೇಡಿ. ಆ ದಿನಗಳಲ್ಲಿ ಅವರ ಗ್ರಾಹಕರನ್ನು ಯಾರು ನೋಡಿಕೊಳ್ಳಬೇಕು ಅನ್ನುವುದನ್ನು ದೀಪಾವಳಿಗೆ ಮೊದಲೇ ಎಲ್ಲರೂ ಕೂತು ಹಂಚಿಕೊಳ್ಳಿ.