ದಂಡ ಕಟ್ಟಿ ಬಂದ ಕೇಸು, ನರ್ಸ್ ಆಗೋಕೆ ಅಡ್ಡ ಬರುತ್ತಾ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ ನರ್ಸಿಂಗ್ ಕೊನೆ ವರ್ಷದಲ್ಲಿದ್ದೇನೆ. ಮೂರು ವರ್ಷದ ಹಿಂದೆ ಹೊಲದ ಬದುವಿನ ವಿಷಯಕ್ಕೆ ದೊಡ್ಡಪ್ಪನ ಮನೆಯವರ ಜೊತೆ ಹೊಡೆದಾಟ ಆಯಿತು. ಐಪಿಸಿ 323 (ಹೊಡೆದು ನೋವು ಮಾಡಿದ್ದು), 504 (ಕೆರಳಿಸುವಂತೆ ಅವಮಾನ ಮಾಡಿದ್ದು) ಹಾಕಿದರು, ನನ್ನ ಹೆಸರೂ ಸೇರಿತು. ಆಗ ನನಗೆ 19 ವರ್ಷ. ವಕೀಲರು ‘ತಪ್ಪು ಒಪ್ಪಿಕೊಂಡುಬಿಡಿ, ದಂಡದಲ್ಲಿ ಮುಗಿಯುತ್ತೆ’ ಅಂದರು, ಕಟ್ಟಿ ಬಂದೆವು. ಈಗ ನರ್ಸಿಂಗ್ ಕೌನ್ಸಿಲ್ ನೋಂದಣಿಗೆ ತೊಂದರೆ ಆಗುತ್ತಾ? ಮುಗಿದ ಕೇಸು, ಎಲ್ಲೂ ಬರೀಬೇಡ ಅಂತಾನೆ ಅಣ್ಣ. ಮುಂದೆ ಇಂಗ್ಲೆಂಡಿಗೆ ಹೋಗುವ ಆಸೆಯಿದೆ. ಕಾಲೇಜಿನಲ್ಲಿ ಹೇಳಬೇಕಾ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕೇಸು ಮುಗಿದಿದೆ, ನಿಜ. ಆದರೆ ಹೇಗೆ ಮುಗಿಯಿತು ಅನ್ನೋದನ್ನು ನಿಮ್ಮ ಅಣ್ಣ ನೋಡಿಲ್ಲ. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಶಿಕ್ಷೆಯೇ. ಜೈಲಿಗೆ ಹೋಗಿಲ್ಲವಲ್ಲ ಅಂತ ಜನ ಅದನ್ನು ಹೆಲ್ಮೆಟ್ ಫೈನ್ ಥರ ಮರೆತುಬಿಡುತ್ತಾರೆ. 323, 504 ಎರಡೂ ರಾಜಿಗೆ ಅವಕಾಶ ಇರುವ ಸೆಕ್ಷನ್‌ಗಳು, ಹಾಗಾಗಿ ದೊಡ್ಡಪ್ಪನವರು ಒಪ್ಪಿ ಕೋರ್ಟಿನಲ್ಲೋ ಲೋಕ ಅದಾಲತ್‌ನಲ್ಲೋ ರಾಜಿ ಆಗಿದ್ದರೆ ಅದು ಖುಲಾಸೆಗೆ ಸಮ ಆಗುತ್ತಿತ್ತು, ಇವತ್ತು ನೀವು ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಓದುವ ಹುಡುಗಿ ಅಂತ ಗೊತ್ತಿದ್ದೂ ಆ ವಕೀಲರು ಈ ಮಾತು ಎತ್ತಲಿಲ್ಲ ಅನ್ನೋದು ನನಗೆ ಬೇಜಾರು.

ಇರಲಿ. ಮೊದಲು ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಅಥವಾ ಎಫ್‌ಐಆರ್ ನಂಬರ್ ಹಾಕಿದರೆ ಕೇಸಿನ ವಿವರ ಸಿಗುತ್ತದೆ, ಆ ನಂಬರ್ ಹಿಡಿದು ಕೋರ್ಟಿನಲ್ಲಿ ನಕಲಿಗೆ ಅರ್ಜಿ ಕೊಡಿ. ಅದನ್ನು ಓದದೆ ಏನನ್ನೂ ನಿರ್ಧಾರ ಮಾಡಬೇಡಿ. ಯಾಕೆಂದರೆ ಕೆಲವೊಮ್ಮೆ ನ್ಯಾಯಾಧೀಶರು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಟ್ಟಿರುತ್ತಾರೆ, ನೀವು ದಂಡ ಅಂದುಕೊಂಡು ಕಟ್ಟಿದ್ದು ಪರಿಹಾರವೋ ಕೋರ್ಟ್ ಖರ್ಚೋ ಆಗಿರುತ್ತದೆ. ಹಾಗಿದ್ದರೆ ನಿಮಗೆ ಅದೃಷ್ಟ. ಆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ನಿಮಗೆ ಅಂಟುವುದಿಲ್ಲ. (ಘಟನೆ ನಡೆದಾಗ 18 ತುಂಬದವರಿಗೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಇದೇ ರಕ್ಷಣೆ ಕೊಡುತ್ತದೆ, ಬೇರೆ ಓದುಗರಿಗೆ ಬೇಕಾಗಬಹುದು ಅಂತ ಹೇಳಿದೆ.)

ನಿಜವಾಗಿಯೂ ದಂಡದ ಶಿಕ್ಷೆಯೇ ಆಗಿದ್ದರೂ ನರ್ಸ್ ಆಗೋ ದಾರಿ ಮುಚ್ಚಿತು ಅಂತ ಅಲ್ಲ. ಇಂಥ ಕಡೆ ಸಾಮಾನ್ಯವಾಗಿ ನೋಡುವುದು ‘ನೈತಿಕ ಅಧಃಪತನ’ದ ಅಪರಾಧವೇ ಅಂತ. ಕಳ್ಳತನ, ವಂಚನೆ, ನಕಲಿ ದಾಖಲೆ, ಲೈಂಗಿಕ ಅಪರಾಧ ಆ ಸಾಲಿಗೆ ಬರುತ್ತವೆ. ರೋಗಿಯ ಕೈಗೆ ಸೂಜಿ ಚುಚ್ಚುವವರ ಮೇಲೆ ನಂಬಿಕೆ ಇಡಬಹುದಾ ಅನ್ನೋದೇ ಅಲ್ಲಿ ಪ್ರಶ್ನೆ, ಅಲ್ವಾ? ಬದುವಿನ ಜಗಳದ ತಳ್ಳಾಟವನ್ನು ಸಾಮಾನ್ಯವಾಗಿ ಆ ಸಾಲಿಗೆ ಸೇರಿಸುವುದಿಲ್ಲ.

ಮುಚ್ಚಿಟ್ಟರೆ ಮಾತ್ರ ಕಥೆ ಬೇರೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಕೆಲಸದ ಬಗ್ಗೆ ಹೇಳಿದ್ದು ಇದನ್ನೇ: ಕೇಳಿದ ಮಾಹಿತಿ ಸತ್ಯವಾಗಿರಬೇಕು. ಸಣ್ಣ ಕೇಸಾದರೆ ಮಾಲೀಕರು ಮನ್ನಿಸಬಹುದು, ಆದರೆ ಅದು ಅವರ ವಿವೇಚನೆ. ಹೇಳಿಕೊಂಡರೂ ಕೆಲಸ ಕೊಡಲೇಬೇಕು ಅಂತಿಲ್ಲ, ಅದನ್ನೂ ತಿಳಿದಿರಿ.

ಇಂಗ್ಲೆಂಡಿಗೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ನೋಂದಣಿ ಬೇಕು. ಅವರು ನಡತೆ ನೋಡುತ್ತಾರೆ, ಶಿಕ್ಷೆಗಳ ಬಗ್ಗೆ ಕೇಳುತ್ತಾರೆ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಪಾಸ್‌ಪೋರ್ಟ್ ಕಚೇರಿಗೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಶಿಕ್ಷೆಯ ಕಾರಣಕ್ಕೆ ಅದನ್ನು ನಿರಾಕರಿಸುವುದು ನೈತಿಕ ಅಧಃಪತನದ ಅಪರಾಧಕ್ಕೆ ಕನಿಷ್ಠ 2 ವರ್ಷ ಜೈಲಾಗಿದ್ದರೆ, ಅದೂ ಅರ್ಜಿಗೆ ಹಿಂದಿನ 5 ವರ್ಷಗಳಲ್ಲಿ. ನಿಮ್ಮದು ಅದಲ್ಲ. ಆದರೆ ಬೇರೆ ಯಾವ ಕೇಸೂ ಬಾಕಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಇಂಥ ಜಗಳದಲ್ಲಿ ಎದುರು ಕೇಸು ಇದ್ದೇ ಇರುತ್ತದೆ.

ಫಾರಂನಲ್ಲಿ ಕೇಳಿದರೆ ಉದ್ದ ಕಥೆ ಬೇಡ. ‘ಕುಟುಂಬದ ಜಮೀನು ವಿವಾದದಲ್ಲಿ ನನ್ನ 19ನೇ ವಯಸ್ಸಿನಲ್ಲಿ ಕೇಸಾಯಿತು, ಇಂಥ ತಾರೀಖು ದಂಡ ಕಟ್ಟಿದ್ದೇನೆ, ಆದೇಶದ ಪ್ರತಿ ಲಗತ್ತಿಸಿದ್ದೇನೆ’ ಅಂತ ಬರೆಯಿರಿ, ಸಾಕು. ದೊಡ್ಡಪ್ಪನ ಮೇಲಿನ ಸಿಟ್ಟನ್ನು ಅಲ್ಲಿ ತೋಡಿಕೊಳ್ಳಬೇಡಿ.

ಕಾಲೇಜಿನವರು ಕೇಳದೆ ನೀವಾಗಿ ಹೋಗಿ ಹೇಳುವ ಅಗತ್ಯ ಇಲ್ಲ. ಹಾಸ್ಟೆಲ್ ಫಾರಂನಲ್ಲೋ ಅಡ್ಮಿಷನ್ ಮುಚ್ಚಳಿಕೆಯಲ್ಲೋ ಆಗಲೇ ‘ಕೇಸಿಲ್ಲ’ ಅಂತ ಸಹಿ ಹಾಕಿದ್ದೀರಾ, ಅದನ್ನು ಮಾತ್ರ ಒಮ್ಮೆ ತೆಗೆದು ನೋಡಿ. ಹಾಕಿದ್ದರೆ ನೋಂದಣಿಗೆ ಅರ್ಜಿ ಹಾಕುವ ಮೊದಲು ಆದೇಶದ ಪ್ರತಿ ಹಿಡಿದು ಇನ್ನೊಬ್ಬ ವಕೀಲರನ್ನು ಕಾಣಿ.