ಮಾರಾಯ್ರೆ ಅಂದರೆ ಬೇಸರವೇಕೆ?

"ಸಂಪಾದಕರೇ, ನಮ್ಮ ಮಕ್ಕಳ ಮಾತು ಕೇಳಿ ತಲೆ ಕೆಟ್ಟಿದೆ. ಒಂದೋ 'ಎಂತ ಸಾವು ಮಾರಾಯ', ಇಲ್ಲದಿದ್ದರೆ 'ಆಕ್ಚುವಲಿ', 'ಬೇಸಿಕಲಿ'. ಇದಕ್ಕೆ ಮದ್ದುಂಟಾ?"
– ಓದುಗರೊಬ್ಬರು, ಉಡುಪಿ

ನಿಮ್ಮ 'ಮದ್ದುಂಟಾ' ನೋಡಿ ಖುಷಿಯಾಯಿತು. 'ಮದ್ದು ಇದೆಯೇ' ಎಂದು ಬರೆದಿದ್ದರೆ ಇಷ್ಟುದ್ದ ಉತ್ತರ ಬರೆಯುತ್ತಿರಲಿಲ್ಲವೋ ಏನೋ.

'ಆಕ್ಚುವಲಿ' ಬಗ್ಗೆ ನಿಮ್ಮ ಸಿಟ್ಟು ಸರಿ. ಮಾತಿಗೊಮ್ಮೆ ಸಾವನ್ನು ಕರೆಯುವುದು ಹಿರಿಯರಿಗೆ ಹಿಡಿಸದು, ಅದೂ ಒಪ್ಪಿದೆ. ಆದರೆ ಪಾಪದ ಮಾರಾಯನನ್ನು ಯಾಕೆ ಅವುಗಳ ಸಾಲಿಗೆ ಸೇರಿಸಿದಿರಿ?

ಅದು 'ಮಹಾರಾಯ' ಸವೆದು ಆದ ಮಾತು. ದೊರೆಯನ್ನು ಕರೆಯುವ ಹೆಸರಲ್ಲಿ ನಾವು ಗೆಳೆಯನನ್ನು ಕರೆಯುತ್ತೇವೆ. ಮೊನ್ನೆ ಇಲ್ಲಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸುರತ್ಕಲ್ ಬಸ್ ಹತ್ತಿದೆ. ಕಾಲಿಡಲು ಜಾಗವಿಲ್ಲ. ಎರಡು ಚೀಲ ಹಿಡಿದ ಅಜ್ಜಿಯೊಬ್ಬರು ಕಂಬಕ್ಕೆ ಒರಗಿ ನಿಂತಿದ್ದರು. ಸೀಟಿನಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗನ ಭುಜ ತಟ್ಟಿದ ಕಂಡಕ್ಟರ್, "ಸ್ವಲ್ಪ ಏಳು ಮಾರಾಯ, ಅಜ್ಜಿ ಕೂತ್ಕೊಳ್ಳಲಿ" ಅಂದ. ಹುಡುಗ ನಾಚಿ ಎದ್ದ. ಅಜ್ಜಿಯ ಚೀಲವನ್ನೂ ಅವನೇ ಹಿಡಿದುಕೊಂಡ. ಮಾರಾಯ ತೆಗೆದು ಆ ಮಾತು ಹೇಳಿ ನೋಡಿ. ಸುಮ್ನೆ ಗದರಿದ ಹಾಗೆ ಆಗುತ್ತದೆ, ಅಲ್ವಾ?

ನನಗೆ ಮೈ ಉರಿಯುವ ಮಾತು ಬೇರೆ ಉಂಟು. "ನಿಮ್ಮ ಕರೆ ನಮಗೆ ಅಮೂಲ್ಯ." ಒಂದು ಕಚೇರಿಗೆ ಫೋನ್ ಮಾಡಿ 20 ನಿಮಿಷ ಇದನ್ನೇ ಕೇಳಿದೆ. ಆಮೇಲೆ ಲೈನ್ ಕಟ್. "ಸ್ವಲ್ಪ ನಿಲ್ಲಿ ಮಾರಾಯ್ರೆ, ಇಲ್ಲಿ ರಶ್ ಉಂಟು" ಎಂದು ಒಬ್ಬರು ಹೇಳಿದ್ದರೆ ಇನ್ನೂ 20 ನಿಮಿಷ ಕಾಯುತ್ತಿದ್ದೆ.

ನಮ್ಮ ಮಾತಿಗೆ ನಾವೇ ನಾಚುವುದು ಜಾಸ್ತಿಯಾಗಿದೆ. ಸಿನಿಮಾದವರಿಗೆ ಮಂಗಳೂರು ಕನ್ನಡ ಬೇಕಾಗುವುದು ಹೆಚ್ಚಾಗಿ ನಗಿಸಲಿಕ್ಕೆ. ಅದನ್ನು ನೋಡಿ ನಮ್ಮ ಮಕ್ಕಳು ಬೆಂಗಳೂರಿಗೆ ಹೋದ ವಾರದಲ್ಲೇ 'ಮಾಡ್ಲಿಕ್ಕೆ' ಬಿಟ್ಟು 'ಮಾಡಕ್ಕೆ' ಕಲಿಯುತ್ತಾರೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಆಡುವುದು ತುಳು, ಕೊಂಕಣಿ, ಬ್ಯಾರಿ. ಕನ್ನಡ ಸಿಕ್ಕಿದ್ದು ಶಾಲೆಯಲ್ಲಿ, ಪುಸ್ತಕದಲ್ಲಿ. ಅದಕ್ಕೇ ನಮ್ಮ 'ಮಾಡ್ಲಿಕ್ಕೆ', 'ಬರ್ತೇನೆ' ಬರಹಕ್ಕೆ ಅಷ್ಟು ಹತ್ತಿರ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಈ ಊರಿನಿಂದ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಇಂಥ ಊರಿನವರು ಯಾರಿಗೆ ಹೆದರಬೇಕು?

ಹೋದ ವಾರ ನಮಗೊಂದು ಕಥೆ ಬಂತು. ಬರೆದವರು ನಿಮ್ಮ ಉಡುಪಿಯವರೇ. ಅದರಲ್ಲಿ ಮೀನು ಮಾರುವ ಹೆಂಗಸು, "ಒಳ್ಳೆಯ ಬಂಗುಡೆ ಇದೆ, ತೆಗೆದುಕೊಳ್ಳಿ" ಅನ್ನುತ್ತಾಳೆ. ನಿಮ್ಮ ಮಾರ್ಕೆಟಿನಲ್ಲಿ ಯಾರು ಹೀಗೆ ಕರೆಯುತ್ತಾರೆ, ಹೇಳಿ? ಕಥೆ ಚೆನ್ನಾಗಿತ್ತು. ಆ ಒಂದು ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ "ಬಂಗುಡೆ ಉಂಟು ಮಾರಾಯ್ರೆ" ಎಂದು ಬರೆದು ವಾಪಸ್ ಕಳಿಸಿದ್ದೇನೆ.
– ಸಂ.